ಕೂಸಿನ ಉಗುರು

ಬಾಳಗಡಿಯಲ್ಲಿ ನಾನು ಮೊದಲು ಹಚ್ಚಿದ ಉಗುರು ಬಣ್ಣ ಒಣಗಲೇ ಇಲ್ಲ.

ಗದಗಿನಲ್ಲಿ ಹತ್ತನೇ ಬೆರಳಿಗೆ ಬರುವಷ್ಟರಲ್ಲಿ ಮೊದಲನೆಯದು ಗಟ್ಟಿಯಾಗಿರುತ್ತಿತ್ತು. ಇಲ್ಲಿ ಆಷಾಢದ ಒಂದು ಮಧ್ಯಾಹ್ನ ಕಾಲೇಜಿನ ಹುಡುಗಿಯೊಬ್ಬಳು ಎರಡೂ ಕೈ ಚಾಚಿಕೊಂಡು ನನ್ನೆದುರು ಮುಕ್ಕಾಲು ಗಂಟೆ ಕುಳಿತಳು. ನಾನು ಊದಿದೆ, ಅವಳು ಊದಿದಳು, ಪಕ್ಕದ ಜೆರಾಕ್ಸ್ ಅಂಗಡಿಯಿಂದ ಟೇಬಲ್ ಫ್ಯಾನ್ ಎರವಲು ತಂದೆ. ಅಷ್ಟರಲ್ಲಿ ಬಸ್ಸು ಬಂತು, ಹುಡುಗಿ ಓಡಿದಳು. ಮರುದಿನ ಬಂದು ಕೈ ತೋರಿಸಿದರೆ ಹತ್ತು ಉಗುರಿನ ಮೇಲೂ ಅವಳ ಸ್ವೆಟರಿನ ಎಳೆಗಳು ಮೆತ್ತಿಕೊಂಡಿದ್ದವು.

"ಅಕ್ಕಾ, ಇದೆಂತ ಡಿಸೈನು? ಹಾಸ್ಟೆಲಲ್ಲಿ ಎಲ್ಲ ಕಂಬಳಿಹುಳ ಅಂತಿದಾರೆ."

ಹದಿನೆಂಟು ವರ್ಷದ ಅನುಭವ ನನ್ನದು. ಆ ಅನುಭವಕ್ಕೆ ಮಲೆನಾಡು ಕೊಟ್ಟ ಮೊದಲ ಹೆಸರು ಕಂಬಳಿಹುಳ.

ನಮ್ಮ ಮನೆಯವರು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಕೊಪ್ಪದ ಪಕ್ಕದ ಈ ಬಾಳಗಡಿಗೆ ವರ್ಗವಾದಾಗ, ಗದಗಿನ ನನ್ನ ಪುಟ್ಟ ಬ್ಯೂಟಿ ಪಾರ್ಲರನ್ನು ತಂಗಿಯ ಕೈಗೆ ಒಪ್ಪಿಸಿ ನಾನೂ ಹೊರಟು ಬಂದೆ. ಅಲ್ಲಿ ಪಂಚಮಿ ಬಂತೆಂದರೆ ಓಣಿಯ ಹೆಂಗಸರೆಲ್ಲ ನನ್ನ ಬಾಗಿಲಲ್ಲಿ ಇರುತ್ತಿದ್ದರು: ಕೈಗೆ ಮದರಂಗಿ, ಉಗುರಿಗೆ ಬಣ್ಣ, ಜತೆಗೆ ಡಬ್ಬಿ ತುಂಬ ಉಂಡಿ. ಇಲ್ಲಿಯೂ ಅದೇ ನಡೆದೀತು ಎಂದುಕೊಂಡು ಅರ್ಧ ಮಳಿಗೆ ಹಿಡಿದು ಬೋರ್ಡು ಬರೆಸಿದೆ. ಎರಡು ತಿಂಗಳಾದರೂ ಬಂದವರಲ್ಲಿ ಹೆಚ್ಚಿನವರು ಜೆರಾಕ್ಸ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಲು ಬಂದವರು. ಒಂದು ದಿನ ಸೋತು ಮನೆಯವರಿಗೆ ಹೇಳಿದೆ:

"ದೀಪಾವಳಿ ತನಕ ನೋಡ್ತೀನ್ರಿ. ಅಷ್ಟರಾಗ ಒಂದು ಮನಿಯವರರ ನನ್ನ ಕರದು ಕೈಗೆ ಕೆಲಸ ಕೊಡಲಿಲ್ಲಂದ್ರ, ವಾಪಸ್ ಗದಗಕ್ಕ ಅರ್ಜಿ ಹಾಕಿಬಿಡ್ರಿ. ಸುಮ್ನ ಕುಂತು ಕುಂತು ನನಗ ಹುಚ್ಚು ಹಿಡೀತೈತಿ."

ಅವರು ಪುಸ್ತಕಕ್ಕೆ ಅಂಟಿಸುವ ಚೀಟಿ ಕತ್ತರಿಸುತ್ತಾ "ಆತು" ಎಂದರು. ಅವರು ಯಾವುದಕ್ಕೂ ಅಷ್ಟೇ ಹೇಳುವುದು.

ಮನೆ ಸಿಕ್ಕಿದ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಬಂದ ಹೊಸದರಲ್ಲಿ ಮೂರು ದಿನ ಬಾಡಿಗೆ ಮನೆಗೆ ಅಲೆದು, ಕಾಲು ಸೋತು, ಶಾರದಮ್ಮ ಎಂಬ ಹಿರಿಯರ ಜಗುಲಿಯಲ್ಲಿ ಕುಳಿತೆವು. ಬಾಡಿಗೆಯ ಮಾತು ಎತ್ತುವ ಮೊದಲೇ ಅವರು ಕೇಳಿದರು: "ಆಸರಿಗೆ ಬೇಕಾ?"

ನನ್ನ ಕಣ್ಣಲ್ಲಿ ನೀರೇ ಬಂತು. "ಬೇಕ್ರೀ ಅಮ್ಮಾರ, ಭಾಳ ಬೇಕಾಗೈತಿ. ದೊಡ್ಡದೇನೂ ಬ್ಯಾಡ. ಎರಡು ಸಣ್ಣವು ಇದ್ರ ಸಾಕು."

ಶಾರದಮ್ಮ ಒಳಗೆ ಹೋಗಿ ಎರಡು ಸಣ್ಣ ಲೋಟದಲ್ಲಿ ನೀರು, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು ತಂದಿಟ್ಟರು. ಇಲ್ಲಿ ಆಸರು ಎಂದರೆ ಬಾಯಾರಿಕೆ. ನಾನು ಬೇಡಿದ್ದು ಆಸರೆ. ವಿಷಯ ತಿಳಿದ ಮೇಲೆ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, ಮಹಡಿಯ ಎರಡು ಕೋಣೆಯ ಬೀಗದ ಕೈ ಕೊಟ್ಟರು. ಈಗಲೂ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರೇ ನೋಡಿ, ಎರಡು ಸಣ್ಣ ಲೋಟದವರು" ಎನ್ನುತ್ತಾರೆ.

ಪಂಚಮಿಗೆ ನಾನು ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮಾಡಿ ಡಬ್ಬಿಗೆ ತುಂಬಿದೆ. ನಮ್ಮ ಕಡೆ ಅವು ತಿಂಗಳುಗಟ್ಟಲೆ ಇರುತ್ತವೆ. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯಂತೂ ಇನ್ನೂ ಹೆಚ್ಚು ದಿನ. ಇಲ್ಲಿ ಐದನೇ ದಿನ ಮುಚ್ಚಳ ತೆಗೆದರೆ ಉಂಡಿಗಳೆಲ್ಲ ಹಸಿರು ಶಾಲು ಹೊದ್ದುಕೊಂಡು ಕುಳಿತಿದ್ದವು.

"ಎಂತ ಮಾರಾಯ್ತಿ," ಎಂದರು ಶಾರದಮ್ಮ, "ಈ ಮಳೆಗಾಲದಲ್ಲಿ ಯಾರಾದ್ರೂ ಇಡೋ ತಿಂಡಿ ಮಾಡ್ತಾರಾ? ಬೆಳಿಗ್ಗೆ ಮಾಡಿದ್ದು ಸಂಜೆಗೆ ಖಾಲಿ ಆಗ್ಬೇಕು." ತಾವು ಮಾಡಿದ ಅರಿಶಿನ ಎಲೆಯ ಕಡುಬು ಕೊಟ್ಟರು. ನಾನು ಎಲೆಯ ಸಮೇತ ಕಚ್ಚಿದೆ. ಅವರು ನೋಡುತ್ತಿದ್ದರಲ್ಲ, ಮರ್ಯಾದೆಗೆ ಅಗಿದು ನುಂಗಿದೆ ಕೂಡ. "ಎಲೆ ಬಿಡಿಸಿ ತಿನ್ನೋದು" ಎಂದು ಅವರು ಹೇಳಿದ್ದು ಎರಡನೆಯದಕ್ಕೆ ಕೈ ಹಾಕಿದಾಗ.

ಆ ರಾತ್ರಿ ಹೊಟ್ಟೆಯ ಚಿಂತೆಯ ಜತೆಗೆ ಇನ್ನೊಂದು ಯೋಚನೆಯೂ ಬಂತು. ನಾವು ಬಯಲುಸೀಮೆಯವರು ನಾಳೆ ಮಳೆ ಬಾರದಿದ್ದರೆ ಎಂದು, ದೂರದಿಂದ ಬರುವ ಅಳಿಯನಿಗೆ ಎಂದು ತಿಂಡಿ ಕೂಡಿಡುತ್ತೇವೆ. ಇಲ್ಲಿ ಯಾವುದನ್ನೂ ಕೂಡಿಡಲು ಗಾಳಿಯೇ ಬಿಡುವುದಿಲ್ಲ. ನಾನೋ, ಚಿಂತೆಯನ್ನು ಸಹ ವರ್ಷಾನುಗಟ್ಟಲೆ ಕೂಡಿಟ್ಟು ತಿನ್ನುವವಳು.

ಗೌರಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ಶೃಂಗೇರಿಯಾಚೆಯ ಕಿಗ್ಗದಿಂದ ಫೋನು ಬಂತು. ಸಾವಿತ್ರಮ್ಮ ಎಂದು ಹೆಸರು ಹೇಳಿದರು. ಕಂಬಳಿಹುಳದ ಹುಡುಗಿ ಅವರ ಸಂಬಂಧಿಯಂತೆ. ನಂಬರು ಕೊಟ್ಟವಳು ಅವಳೇ. ಬೈಯಲು ಮಾಡಿರಬೇಕೆಂದು ನಾನು ಕುರ್ಚಿಯಿಂದ ಎದ್ದು ನಿಂತೇ ಕೇಳಿಸಿಕೊಂಡೆ.

"ನಮ್ಮನೆ ಕೂಸಿಗೆ ಉಗುರಿಗೆ ಎಂತಾರೂ ಚಂದ ಮಾಡಿ ಕೊಡ್ತ್ರಾ? ಅದರದ್ದು ಮೊದಲ್ನೇ ಗೌರಿ ಹಬ್ಬ."

"ಕೂಸಿಗೇನ್ರಿ?"

"ಹೌದು. ಒಂದ್ ಕಡೆ ಕೂರದಿಲ್ಲೆ ಅದು. ಯಾವಾಗ್ಲೂ ಕೈ ಬಾಯಲ್ಲೇ. ನೀವು ಬಂದು ಸಮಾಧಾನದಲ್ಲಿ ಕೂರಿಸಿಕೊಳ್ಳಿ, ಆತಾ?"

ಕರೆದು ಕೆಲಸ ಕೊಟ್ಟ ಮೊದಲ ಮನೆ! ಆತು ಎಂದೆ. ಫೋನು ಇಟ್ಟ ಮೇಲೆ ಹೊಳೆಯಿತು: ಕೈ ಬಾಯಲ್ಲೇ ಇರುವ ಕೂಸು! ಬಣ್ಣ ಹೊಟ್ಟೆಗೆ ಹೋದರೆ? ಮೈಯೆಲ್ಲ ಗುಳ್ಳೆ ಎದ್ದರೆ? ಗದಗಿನ ಹೆಂಗಸು ಕಿಗ್ಗದ ಕೂಸಿಗೆ ವಿಷ ಹಚ್ಚಿದಳೆಂಬ ಸುದ್ದಿ ಶೃಂಗೇರಿ ದಾಟಿ ಕೊಪ್ಪಕ್ಕೆ ಬರುವ ವೇಗವನ್ನೂ ಲೆಕ್ಕ ಹಾಕಿದೆ. ಕೊನೆಗೆ ಬಾಟಲಿಗಳನ್ನೆಲ್ಲ ಕಪಾಟಿನಲ್ಲಿ ಬಿಟ್ಟು ಬೀಟ್‌ರೂಟ್ ರಸ, ಅರಿಶಿನ, ಅಕ್ಕಿ ಹಿಟ್ಟು ಇಷ್ಟನ್ನೇ ಚೀಲಕ್ಕೆ ಹಾಕಿದೆ. ಬರಿಗೈಲಿ ಹೋಗಬಾರದೆಂದು ಎರಡು ದಿನ ಕುಳಿತು ಖಣದ ತುಂಡುಗಳಿಂದ ಒಂದು ಕುಂಚಿಗಿ ಹೊಲಿದೆ. ನಮ್ಮ ಕಡೆ ಎಳೆಮಗುವಿನ ತಲೆಗೆ ಹಾಕಿದರೆ ಬೆನ್ನ ತನಕ ಇಳಿಬೀಳುವ ಟೊಪ್ಪಿಗೆ, ಅಂಚಿಗೆ ಗೆಜ್ಜೆ.

ನೆಟ್ಟಗಿನ ರಸ್ತೆಯಲ್ಲಿ ಬೆಳೆದ ಹೊಟ್ಟೆ ನನ್ನದು. ಶೃಂಗೇರಿಗೆ ಹೋಗುವಷ್ಟರಲ್ಲಿ ಎರಡು ನಿಂಬೆಹಣ್ಣು ಮೂಸಿ ಮುಗಿಸಿದ್ದೆ. ಕಿಗ್ಗದ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಂಚಿಗಿಯ ಗೆಜ್ಜೆ ಎಣಿಸುತ್ತಾ ಕುಳಿತೆ.

ಸಾವಿತ್ರಮ್ಮ ಚಕ್ಕುಲಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ನಾನು ದನಿ ತಗ್ಗಿಸಿ ಕೇಳಿದೆ: "ಕೂಸು ಮಲಗೈತೇನ್ರಿ?"

"ಈ ಹೊತ್ತಲ್ಲಿ ಮಲಗದು ಎಂತಕ್ಕೆ? ಒಳಗೆ ನಿಮಗೆ ಕಾಫಿ ಮಾಡ್ತಾ ಇದ್ದು."

"ಕೂಸು... ಕಾಫಿ ಮಾಡಾಕತ್ತೈತೇನ್ರಿ?"

"ನನಗಿಂತ ಚೆನ್ನಾಗಿ ಮಾಡ್ತು."

ಒಳಗಿನಿಂದ ಲೋಟ ಹಿಡಿದು ಬಂದ ಕೂಸು ನನಗಿಂತ ಒಂದು ಗೇಣು ಎತ್ತರವಿತ್ತು. ಕತ್ತಿನಲ್ಲಿ ಹೊಸ ಕರಿಮಣಿ. ನಾನು ಕುಂಚಿಗಿಯನ್ನು ಆಗಲೇ ಕೈಗೆ ತೆಗೆದುಕೊಂಡಾಗಿತ್ತು.

ಈ ಮನೆಗಳ ಮಾತಿನಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಮದುವೆಯಾದರೂ ತವರಿನಲ್ಲಿ ಕೂಸೇ. ಹೆಣ್ಣುಮಕ್ಕಳನ್ನು 'ಅದು' ಎನ್ನುವುದೂ ಪ್ರೀತಿಯೇ. ಸುಮನಾ ಎಂಬ ಇಪ್ಪತ್ತಾರು ವರ್ಷದ ಈ ಕೂಸಿಗೆ ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬ. ಕೈ ಬಾಯಲ್ಲಿ ಎಂದರೆ ಉಗುರು ಕಚ್ಚುವ ಚಟ.

ಎಳೆಮಗುವೆಂದುಕೊಂಡು ಬಂದದ್ದನ್ನೆಲ್ಲ ನಾನು ಒಪ್ಪಿಕೊಂಡೆ. ಸಾವಿತ್ರಮ್ಮ ನಕ್ಕು ನಕ್ಕು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡರು. ಸುಮನಾ ಕುಂಚಿಗಿಯನ್ನು ತಲೆಗೆ ಹಾಕಿಕೊಂಡು, "ಅಮ್ಮಾ, ತೊಟ್ಟಿಲು ಕಟ್ಟು" ಎಂದಳು. ನಾನೂ ನಕ್ಕೆ, ಆದರೆ ಅದು ನಗುವ ಹೊತ್ತಾಗಿರಲಿಲ್ಲ. ಮರುದಿನ ನರಸಿಂಹರಾಜಪುರದಿಂದ ಅವಳ ಅತ್ತೆ, ನಾದಿನಿಯರು ಬಾಗಿನ ತೆಗೆದುಕೊಳ್ಳಲು ಬರುವವರಿದ್ದರು. ಮೊರದ ಬಾಗಿನಕ್ಕೆ ಸೆರಗು ಮುಚ್ಚಿ ಹಿಡಿದಾಗ ಎದುರಿನವರಿಗೆ ಕಾಣುವುದು ಬೆರಳ ತುದಿಗಳಷ್ಟೇ. ಅವಳ ಬೆರಳ ತುದಿಯಲ್ಲಿ ಉಗುರೆಂಬುದು ಎಳ್ಳಿನಷ್ಟು ಉಳಿದಿತ್ತು. ನನ್ನ ಚೀಲದಲ್ಲಿ ಬೀಟ್‌ರೂಟ್ ಇತ್ತು.

"ಬಣ್ಣದ ಬಾಟ್ಲಿ ಒಂದೂ ತಂದಿಲ್ರಾ?" ಸುಮನಾ ಈಗ ನಗುತ್ತಿರಲಿಲ್ಲ.

ಕೊಪ್ಪಕ್ಕೆ ಹೋಗಿ ಬರಲು ಹೊತ್ತಿಲ್ಲ. ತಂದರೂ ಈ ಗಾಳಿಯಲ್ಲಿ ಒಣಗುವುದಿಲ್ಲ. ಹೊರಡುವುದೇ ಮೇಲೆಂದು ಹಿತ್ತಿಲ ನಲ್ಲಿಯಲ್ಲಿ ಮುಖ ತೊಳೆಯುವಾಗ ಬೇಲಿಯಲ್ಲಿ ಮದರಂಗಿ ಗಿಡ ಕಂಡಿತು. ನನ್ನ ಅಜ್ಜಿ ಬಳ್ಳಿ, ಹೂವು ಏನೂ ಬಿಡಿಸುತ್ತಿರಲಿಲ್ಲ. ಎಲೆ ಅರೆದು ಪ್ರತಿ ಬೆರಳಿಗೂ ಉಗುರು ಮುಚ್ಚುವ ಹಾಗೆ ಒಂದೊಂದು ಟೊಪ್ಪಿಗೆ ಇಡುತ್ತಿದ್ದಳು. ಅದಕ್ಕೆ ಉದ್ದ ಉಗುರು ಬೇಕಿಲ್ಲ. ಒದ್ದೆಯಿದ್ದಷ್ಟೂ ಅದು ಚೆನ್ನಾಗಿಯೇ ಹಿಡಿಯುತ್ತದೆ. ಪಾರ್ಲರಿನಲ್ಲಿ ಹದಿನೆಂಟು ವರ್ಷ ನಾನು 'ಹಳೇದು' ಎಂದು ಮೂಗು ಮುರಿದ ಕೆಲಸ.

ರುಬ್ಬುಗಲ್ಲಿನಲ್ಲಿ ಎಲೆಯನ್ನು ನುಣ್ಣಗೆ ಅರೆದೆ, ನಿಂಬೆರಸ ಹಿಂಡಿದೆ, ಹತ್ತು ಬೆರಳಿಗೂ ಟೊಪ್ಪಿಗೆ ಇಟ್ಟೆ. ಹತ್ತು ಬೆರಳೂ ಮುಚ್ಚಿದ ಕೂಸನ್ನು ಮಣೆಯ ಮೇಲೆ ಕೂರಿಸಿ ಸಾವಿತ್ರಮ್ಮ ಬಾಯಿಗೆ ಚಕ್ಕುಲಿ ಇಡುತ್ತಾ ಹೋದರು.

ಒಮ್ಮೆ ಅಭ್ಯಾಸಬಲದಿಂದ ಬೆರಳು ಬಾಯಿಗೆ ಹೋಯಿತು. "ಥೂ, ಕಹಿ!"

"ಕಚ್ಚು, ಕಚ್ಚು," ಎಂದರು ಸಾವಿತ್ರಮ್ಮ, "ಆರು ತಿಂಗಳಿಂದ ನಾ ಹೇಳಿದ್ದು ಕೇಳಿದ್ದಿಲ್ಲೆ. ಎಲೆ ಹೇಳಿದ್ದು ಕೇಳ್ತು."

ತಾಯಿ ಬಾಣಲೆಯ ಕಡೆ ಹೋದಾಗ ಸುಮನಾ ಮೆಲ್ಲಗೆ ಹೇಳಿದಳು: "ಎನ್.ಆರ್. ಪುರದ ಅತ್ತೆಮನೇಲಿ ನಾನು 'ಬರ್ತೇನೆ' ಅನ್ನದೆ 'ಬತ್ತೆ' ಅಂದ್ರೆ ನಗ್ತ್ರು ಅಕ್ಕಾ. ನಾದಿನಿ ಅಣಕಿಸ್ತು. ಈಗ ಬಾಯಿ ತೆಗೆಯೋ ಮೊದಲು ಒಳಗೇ ಒಂದ್ಸಲ ತಿದ್ದಿಕೊಳ್ತೆ. ಅದಕ್ಕೇ ಬೆರಳು ಬಾಯಿಗೆ ಹೋಗ್ತು."

ಅರ್ಧ ದಿನದ ದಾರಿಯೂ ಅಲ್ಲ ಅದು. ಅಷ್ಟಕ್ಕೇ ಈ ಹುಡುಗಿಗೆ ಮಾತು ಪರಕೀಯವಾಗಿತ್ತು. ಗದಗಿನಿಂದ ಬಂದ ನಾನೊಬ್ಬಳೇ ಸೋತವಳೆಂದು ಕೊರಗಿಕೊಂಡು ಕುಳಿತಿದ್ದೆ. ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ಆಸರೆ, ಎರಡು ಲೋಟದ ಕಥೆ ಹೇಳಿದೆ. ನಗುವಿನ ರಭಸಕ್ಕೆ ಹೆಬ್ಬೆರಳಿನ ಟೊಪ್ಪಿಗೆ ಬಿದ್ದುಹೋಗಿ ಮತ್ತೆ ಇಡಬೇಕಾಯಿತು.

ಸಂಜೆ ತೆಗೆದಾಗ ಬೆರಳ ತುದಿಗಳು ಕಿತ್ತಳೆ ಬಣ್ಣಕ್ಕಿದ್ದವು. ಬೆಳಗಿನ ಹೊತ್ತಿಗೆ ಕೆಂಪಾಗಿದ್ದವೆಂದು ಫೋಟೊ ಬಂತು. ಮಧ್ಯಾಹ್ನ ಸಾವಿತ್ರಮ್ಮನ ಫೋನು: "ಬೀಗಿತ್ತಿ ಮೊರ ತಗಳದು ಬಿಟ್ಟು ಬೆರಳೇ ನೋಡ್ತಾ ನಿಂತ್ರು. ಯಾರು ಮಾಡಿದ್ದು ಅಂತ ನಾದಿನಿಯೂ ಕೇಳ್ತು. ನಮ್ಮ ಕೂಸು ಎಂತ ಹೇಳ್ತು ಗೊತ್ತಾ? 'ಬೇಕಾದ್ರೆ ಕೊಪ್ಪಕ್ಕೆ ಹೋಗು, ನಾನೂ ಬತ್ತೆ' ಹೇಳ್ತು. ನಮ್ಮ ಮಾತಲ್ಲೇ ಹೇಳ್ತು!"

ಆಮೇಲೆ ನರಸಿಂಹರಾಜಪುರದಿಂದ ಆ ನಾದಿನಿ ನಿಜವಾಗಿಯೂ ಬಂದಳು. ಇಲ್ಲೇ ಪಕ್ಕದ ನಾರ್ವೆ ಹಳ್ಳಿಯಿಂದ ಇಬ್ಬರು, ಹಾಸ್ಟೆಲಿನಿಂದ ಒಂದು ದಂಡು. ದೀಪಾವಳಿಯ ಹೊತ್ತಿಗೆ ರುಬ್ಬಿ ರುಬ್ಬಿ ನನ್ನ ಭುಜ ಕಳಚಿಕೊಳ್ಳುವಂತಾಗಿತ್ತು. ಉಂಡಿಯನ್ನೂ ಈಗ ಬೆಳಿಗ್ಗೆ ಕಟ್ಟಿ ಸಂಜೆಗೆ ಮುಗಿಸುತ್ತೇನೆ. ಗೆದ್ದೆ ಎನ್ನಬೇಕು. ಆದರೆ ಎಲ್ಲರೂ ಹೋದ ಮೇಲೆ ಮಳಿಗೆಯಲ್ಲಿ ಒಬ್ಬಳೇ ಕುಳಿತಾಗ, ನನ್ನ ಮಾತಿಗೆ ನಗದೆ ಸುಮ್ಮನೆ ಉತ್ತರ ಕೊಡುವವರು ಯಾರಾದರೂ ಬರಬಾರದೇ ಎನ್ನಿಸುತ್ತಿತ್ತು.

ಅಂಥ ಒಂದು ಹೊತ್ತಿನಲ್ಲಿ ತಂಗಿಗೆ ಫೋನು ಮಾಡಿದೆ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಬರುವ ಗೌರಿ ಹುಣ್ಣಿಮೆಗೆ ಓಣಿಯ ಮಕ್ಕಳ ಆರತಿಗೆಂದು ಸಕ್ಕರೆ ಗೊಂಬೆ ಎರೆಯುತ್ತಿದ್ದವಳು ನಾನು. ಈ ಸಲ ಯಾರು ಮಾಡುತ್ತೀರಿ ಎಂದೆ.

"ಪ್ಯಾಟ್ಯಾಗಿಂದ ತಂದ್ವಿ ಅಕ್ಕಾ. ಛಲೋ ಅದಾವು. ನೀ ಎದಕ್ಕ ಚಿಂತಿ ಮಾಡ್ತಿ?"

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅಲ್ಲಿ ನನ್ನ ಜಾಗ ಖಾಲಿಯಿದೆ ಎಂಬ ನಂಬಿಕೆಯ ಮೇಲೆಯೇ ಇಷ್ಟು ದಿನ ಇಲ್ಲಿ ಬೇಸರಪಟ್ಟುಕೊಂಡಿದ್ದೆ.

ಮರುದಿನ ಮನೆಯವರು ಬಿಳಿ ಹಾಳೆ, ಪೆನ್ನು ಹಿಡಿದು ಕುಳಿತರು. "ದೀಪಾವಳಿ ಆತು. ಏನ್ ಮಾಡಲಿ? ಅರ್ಜಿ ಬರೀಲೋ ಬ್ಯಾಡೋ?"

"ಬ್ಯಾಡಂದ್ರ ನಿಮಗ ಬ್ಯಾಸರಾಗತೈತೇನು?"

"ನನಗ ಎಲ್ಲಾ ಲೈಬ್ರರಿನೂ ಒಂದ. ನಿನ್ನ ಕೇಳಾಕತ್ತೀನಿ."

ನಾನು ಕೈ ನೋಡಿಕೊಂಡೆ. ಅಂಗೈ ತುಂಬ ಬೇರೆಯವರ ಹಬ್ಬದ ಕೆಂಪು.

"ಬರೀರಿ," ಎಂದೆ. ಅವರು ಬರೆದರು. ಕೆಳಗೆ ಸಹಿ ಹಾಕಿ, ಹಾಳೆಯ ಮೂಲೆಗೆ ಪೆನ್ನು ಒಯ್ದಾಗ ಕೈ ಹಿಡಿದೆ.

"ತಾರೀಖು ಮಾತ್ರ ಈಗ ಹಾಕಬ್ಯಾಡ್ರಿ. ಇಲ್ಲೇ ಕಪಾಟಿನ್ಯಾಗ ಇರ್ಲಿ."

"ಆತು" ಎಂದರು.