ಒಂದೇ ಫ್ಯಾನಿನ ಬೇಸಿಗೆ

ಮೀಟರ್ ನೋಡುವವನು ನಮ್ಮ ಜಗಲಿಯ ಮೇಲೆ ನಿಂತು, ಮೆಷಿನ್ನಿನಿಂದ ಚೀಟಿ ಹರಿಯುವ ಮೊದಲು ಒಮ್ಮೆ ನನ್ನ ಮುಖ ನೋಡಿದ.

"ಏನಮ್ಮಾ, ಮನೇಲಿ ಮದುವೆ ಗಿದುವೆ ಆಯ್ತಾ?"

"ಇಲ್ಲವಲ್ಲ."

"ಹಂಗಾದ್ರೆ ಇದನ್ನ ಯಜಮಾನ್ರಿಗೆ ಊಟ ಆದ್ಮೇಲೆ ಕೊಡಿ" ಎಂದು ನಕ್ಕು ಪಕ್ಕದ ಮನೆಯ ಗೇಟು ತೆಗೆದ.

ನಾನು ಊಟಕ್ಕೆ ಮೊದಲೇ ಕೊಟ್ಟೆ. ನಮ್ಮೆಜಮಾನರು ಕೊಬ್ಬರಿ ಮಂಡಿಯಿಂದ ಬಂದು ಕೈಕಾಲು ತೊಳೆದಿದ್ದರು, ಶರ್ಟಿನಲ್ಲಿ ಇನ್ನೂ ಒಣಗಿದ ಕೊಬ್ಬರಿಯ ವಾಸನೆ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಪುಕ್ಕಟೆ ಕರೆಂಟಿನ ಗೆರೆ ದಾಟಿದ್ದೆವು. ಸ್ವಲ್ಪ ದಾಟಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಿದರೆ ಸಾಕಿತ್ತು. ಇನ್ನೂರು ಯೂನಿಟ್ಟೇ ದಾಟಿದ್ದರಿಂದ ಪೂರ್ತಿ ಬಿಲ್ಲು.

"ಗೀಸರ್ರು" ಎಂದರು, ಮಗಳ ಕಡೆ ನೋಡುತ್ತ.

"ನಿಮ್ಮ ಮೋಟರಪ್ಪಾ!" ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ದಿನಾ ಬೆಳಿಗ್ಗೆ ಗೊರ್ ಅಂತಾನೇ ಇರುತ್ತೆ."

ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತರು. "ನಾವು ಹಿಡಿದು ಹಿಡಿದು ಉರಿಸಿದ ವರ್ಷದ ಲೆಕ್ಕ ಹಾಕ್ಕೊಂಡು ಇಷ್ಟೇ ಪುಕ್ಕಟೆ ಅಂತ ಬರ್ದವ್ರೆ. ಧಾರಾಳವಾಗಿ ಉರಿಸಿದೋರಿಗೆ ಜಾಸ್ತಿ. ಇದ್ಯಾವ ನ್ಯಾಯ ಕಣಪ್ಪಾ?"

"ಅವ್ವಾ, ನ್ಯಾಯ ಆಮೇಲೆ. ನಿನ್ನ ರೂಮಲ್ಲಿ ಫ್ಯಾನ್ ತಿರುಗ್ತಾ ಐತೆ ನೋಡು."

ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಈ ಮನೆಗೆ ಬಂದ ಹೊಸದರಲ್ಲಿ ಬೋರಿನ ಮೋಟರು ಹಾಕಿ ಅಂಗಳ ಗುಡಿಸಿ ರಂಗೋಲಿ ಎಳೆದು ಮುಗಿಸುವಷ್ಟರಲ್ಲಿ ಮೇಲಿನ ತೊಟ್ಟಿ ತುಂಬಿ ಸುರಿಯುತ್ತಿತ್ತು. ಈಗ ರಂಗೋಲಿ ಮುಗಿದು, ಹಾಲು ಕಾದು, ಒಂದು ಬುಟ್ಟಿ ಅವರೆಕಾಯಿ ಸುಲಿದರೂ ತೊಟ್ಟಿ ತುಂಬಿದ ಸದ್ದಿಲ್ಲ. ಅರಸೀಕೆರೆಯಿಂದ ಹಾರನಹಳ್ಳಿಯವರೆಗೆ ತೋಟಕ್ಕೊಂದು ಬೋರು, ಊರೊಳಗೆ ಮನೆಗೊಂದು ಬೋರು. ನೀರು ಕೆಳಗೆ ಕೆಳಗೆ ಹೋದಷ್ಟೂ ನಮ್ಮ ಬಿಲ್ಲು ಮೇಲೆ ಮೇಲೆ. ಅದರ ಮೇಲೆ ಕರೆಂಟು ಉರಿಸಲಿ ಬಿಡಲಿ ಕಟ್ಟಲೇಬೇಕಾದ ನಿಗದಿ ಶುಲ್ಕ, ಅದೂ ಸುಮ್ಮನೆ ನಿಂತಲ್ಲೇ ನಿಲ್ಲುವುದಿಲ್ಲ. ಹೀಗೆ ಎಷ್ಟೋ ನಮ್ಮ ಕೈ ಮೀರಿದ್ದು. ಕೈಯೊಳಗಿದ್ದದ್ದು ನಾಲ್ಕು ಜನ, ನಾಲ್ಕು ಕಡೆ, ನಾಲ್ಕು ಫ್ಯಾನು.

ಯಜಮಾನರು ಊಟಕ್ಕೆ ಕೂತು ಅಪ್ಪಣೆ ಹೊರಡಿಸಿದರು. "ಇವತ್ತಿಂದ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲಾ ಹಾಲಿನಲ್ಲೇ. ಒಂದು ಫ್ಯಾನು, ಒಂದು ಲೈಟು. ಮಲಗೋದೂ ಅಲ್ಲೇ."

"ಅಪ್ಪಾ, ಇದೇನು ಮದುವೆ ಛತ್ರಾನಾ?" ಮಗಳು ತಟ್ಟೆ ಸರಿಸಿದಳು.

ನಾನು ಸಾರು ಬಡಿಸಲು ಬಗ್ಗಿದೆ. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಯಾರೂ ನೋಡುವುದು ಬೇಡವಿತ್ತು. ಜೂನಿಗೆ ಅವಳು ಓದಲು ಮೈಸೂರಿನ ಹಾಸ್ಟೆಲ್ಲಿಗೆ ಹೋಗುವವಳು. ಪಿಯುಸಿ ಮುಗಿದಾಗಿನಿಂದ ಅವಳ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಬರುವ ಬೆಳಕಿನ ಗೆರೆ ನೋಡಿ, ಎಚ್ಚರವಾಗಿದ್ದಾಳೆ ಎಂದುಕೊಂಡು ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಏನೆಂದು ಬಾಗಿಲು ತಟ್ಟಲಿ? ಹೋಗುವ ಮುಂಚೆ ಸ್ವಲ್ಪ ನನ್ನ ಹತ್ತಿರ ಕೂತ್ಕೊಳ್ಳೇ ಅಂತ ಬಾಯಿಬಿಟ್ಟು ಕೇಳುವುದು ನನಗೆ ಬರುವುದಿಲ್ಲ.

ಬೇಲೂರಿನ ನಮ್ಮ ತವರಿನಲ್ಲಿ ಯಾರೂ ಯಾರನ್ನೂ ಹೀಗೆ ಕರೆಯಬೇಕಾಗಿರಲಿಲ್ಲ. ಕರೆಂಟೇ ಕರೆದು ಕೂರಿಸುತ್ತಿತ್ತು. ಅದು ಹೋದ ಕೂಡಲೇ ಬೀದಿಯ ಮಕ್ಕಳೆಲ್ಲ "ಓ" ಎಂದು ಕೂಗುವುದು, ದೊಡ್ಡವರು ಬೀಸಣಿಗೆ ಹಿಡಿದು ಕಟ್ಟೆಗೆ ಬರುವುದು. ಅಮ್ಮ ನನ್ನ ಜಡೆ ಬಿಚ್ಚಿ ಕತ್ತಲಲ್ಲೇ ಸಿಕ್ಕು ಬಿಡಿಸುತ್ತಿದ್ದಳು. ಕರೆಂಟು ಬಂದಾಗಲೂ ಮತ್ತೆ "ಓ". ಅಮ್ಮ ಮಾತ್ರ, "ಅಯ್ಯೋ, ಬಂದೇಬಿಡ್ತಾ" ಅನ್ನುತ್ತಿದ್ದಳು.

ಮೊದಲ ಸಂಜೆ ಮಗಳು ಗೋಡೆಗೆ ಮುಖ ಮಾಡಿ ಕೂತಳು. ಮರುದಿನ ಅರ್ಧ ತಿರುಗಿದಳು. ಅತ್ತೆ ಮಲಗುವ ಹೊತ್ತಿಗೆ, "ಆ ದೀಪ ದೊಡ್ಡದು ಮಾಡವ್ವ" ಎಂದಾಗ ಪೂರ್ತಿ ತಿರುಗಿದಳು.

"ಅಜ್ಜೀ, ಅದ್ಯಾಕೆ ಹಾಗಂತೀರಾ? ಆಫ್ ಮಾಡೋದಕ್ಕೆ ಯಾರಾದ್ರೂ ದೊಡ್ಡದು ಮಾಡು ಅಂತಾರಾ?"

"ದೀಪ ಆರಿಸು ಅನ್ನಬಾರದು ಕಣೇ, ಕೆಟ್ಟ ಮಾತು. ನಿಮ್ಮಮ್ಮನ್ನ ಕೇಳು, ಅವಳಿಗೆ ಚೆನ್ನಾಗಿ ಗೊತ್ತೈತೆ." ಅತ್ತೆ ಆಗಲೇ ನಗುತ್ತಿದ್ದರು. "ಕಾನ್ವೆಂಟ್ ಸೊಸೆ ಬಂದ್ಲು ಅಂತ ನಾನು ಬೀಗ್ತಿದ್ದೆ. ಬಂದ ವಾರದಾಗೆ, ನಡುಮನೆ ದೀಪ ದೊಡ್ಡದು ಮಾಡಿ ಮಲಕ್ಕೊಳವ್ವ ಅಂದೆ. ಇವಳು ಹೋಗಿ ನಡುಮನೆ ಟ್ಯೂಬ್‌ಲೈಟು, ಪಡಸಾಲೆ ಬಲ್ಬು, ಹಿತ್ತಿಲ ಬಲ್ಬು ಎಲ್ಲಾ ಹಾಕ್ಬಿಟ್ಟು ಮಲಗವಳೆ!"

"ಅಮ್ಮಾ!"

"ನನಗೇನು ಗೊತ್ತು?" ಅಂದೆ. "ಹೊಸ ಸೊಸೆ ಬಂದಿದ್ದಕ್ಕೆ ಮನೆ ತುಂಬ ಬೆಳಕಿರಲಿ ಅಂತ ಅತ್ತೆಗೆ ಆಸೆ ಅಂದುಕೊಂಡೆ."

"ನಿಮ್ಮಜ್ಜ ಬೆಳಗಾಗೆದ್ದು ಏನಂದ್ರು ಗೊತ್ತಾ? ಸೊಸೆ ಲಕ್ಷ್ಮಿ ಸರಿ, ಆದ್ರೆ ಲಕ್ಷ್ಮೀನ ಹಿಂಗೆ ಉರಿಸಿದ್ರೆ ಎಷ್ಟು ದಿನ ಉಳೀತಾಳೆ ಅಂದ್ರು."

ಮಗಳು ನಕ್ಕು ನಕ್ಕು ನನ್ನ ತೊಡೆಯ ಮೇಲೆ ಬಿದ್ದಳು. ಬಿದ್ದವಳು ಏಳಲಿಲ್ಲ. ಅವಳ ಕೂದಲಲ್ಲಿ ಶಾಂಪೂ ವಾಸನೆ, ಕಿವಿಯ ಹಿಂದೆ ಚಿಕ್ಕಂದಿನಲ್ಲಿ ಬಿದ್ದಾಗಿನ ಸಣ್ಣ ಗಾಯದ ಗುರುತು. ಅದು ಇನ್ನೂ ಅಲ್ಲೇ ಇದೆಯೆಂಬುದು ನನಗೆ ಮರೆತೇಹೋಗಿತ್ತು. ಫ್ಯಾನು ಕಟಕಟ ಅನ್ನುತ್ತಿತ್ತು. ಯಜಮಾನರು ದಿಂಬಿಗೊರಗಿ, "ಇದನ್ನ ರಿಪೇರಿ ಮಾಡಿಸ್ಬೇಕು" ಅಂದರು.

ಆಮೇಲೆ ಅವಳು ತಾನಾಗಿಯೇ ಮಾತಾಡತೊಡಗಿದಳು. ಹಾಸ್ಟೆಲ್ಲಿನಲ್ಲಿ ಒಂದು ರೂಮಿಗೆ ಎಷ್ಟು ಜನವೋ, ಬಾತ್‌ರೂಮಿಗೆ ಕ್ಯೂ ಇರುತ್ತದಂತೆ, ಅಲ್ಲಿನವರು ತನ್ನ ಇಂಗ್ಲಿಷಿಗೆ ನಗುತ್ತಾರೇನೋ. ಒಂದು ರಾತ್ರಿ ಅಪ್ಪ, ಅಜ್ಜಿ ಇಬ್ಬರೂ ನಿದ್ದೆ ಹೋಗಿದ್ದರು. "ಅಮ್ಮಾ, ನನಗೆ ಸ್ವಲ್ಪ ಭಯ ಕಣೇ" ಅಂದಳು. ಕಾನ್ವೆಂಟ್ ಹಾಸ್ಟೆಲ್ಲಿನ ಮೊದಲ ವಾರ ನಾನು ತಲೆದಿಂಬಿನ ಕೆಳಗೆ ಅಮ್ಮನ ಹಳೇ ಸೆರಗಿನ ಚೂರು ಇಟ್ಟುಕೊಂಡು ಮಲಗಿದ್ದನ್ನು ಹೇಳಿದೆ. ಅವಳು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

ಮೀಟರಿನವನು ಮತ್ತೆ ಬಂದ. "ಪರ್ವಾಗಿಲ್ವೇ!" ಅನ್ನುತ್ತ ಚೀಟಿ ಕೊಟ್ಟ. ಕಟ್ಟಬೇಕಾದ ಜಾಗದಲ್ಲಿ ಸೊನ್ನೆ. ಯಜಮಾನರು ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದರು, ಅತ್ತೆಗಂತೂ ಎರಡೆರಡು ಸಲ. ನಡುವೆ ಎರಡು ಮಳೆಯೂ ಬಂದು ಸೆಕೆ ಇಳಿದಿತ್ತು.

"ಇನ್ನು ನಿಮ್ಮ ನಿಮ್ಮ ರೂಮಿಗೆ ಹೋಗಿ, ಹುಷಾರಾಗಿ ಉರಿಸಿ" ಎಂದರು.

ಮಗಳು ದಿಂಬು, ಹೊದಿಕೆ, ಚಾರ್ಜರು ಎತ್ತಿಕೊಂಡು ಹೋದಳು. ಅತ್ತೆಯೂ ಮಂಚವೇ ಬೆನ್ನಿಗೆ ಹಿತ ಎಂದು ಎದ್ದರು. ನನಗೆ ಗೆದ್ದ ಮನೆಯಲ್ಲಿ ಒಬ್ಬಳೇ ಸೋತಂತಾಯಿತು. ಅವಳು ಹೊರಡಲು ಇನ್ನು ಕೆಲವೇ ದಿನಗಳಿದ್ದವು. ಆ ಸಂಜೆ ಸುಮ್ಮನೆ ಹಾಲಿನಲ್ಲೇ ಚಾಪೆ ಹಾಸಿ, ಫ್ಯಾನು ಹಾಕಿಕೊಂಡು ಕೂತೆ.

ನೀರು ಕುಡಿಯಲು ಬಂದ ಮಗಳು ನಿಂತು ನೋಡಿದಳು. "ಏನಮ್ಮಾ, ಒಬ್ಬಳಿಗೋಸ್ಕರ ಫ್ಯಾನಾ? ಅಪ್ಪ ನೋಡಿದ್ರೆ ಗ್ಯಾರಂಟಿ ಬೈತಾರೆ."

"ನೀನೂ ಕೂತ್ರೆ ಇಬ್ಬರಿಗಾಗುತ್ತಲ್ಲ" ಅಂದೆ. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು, ಹೊರಗೆ ಬಂದದ್ದು ಹಾಸ್ಯದ ಹಾಗೆ.

ಅವಳು ಲೋಟ ಕೆಳಗಿಟ್ಟು, ಒಂದು ಗಳಿಗೆ ನನ್ನನ್ನೇ ನೋಡಿದಳು.

"ತಡಿ, ಫೋನ್ ಚಾರ್ಜಿಗೆ ಹಾಕಿ ಬಂದೆ" ಎಂದು ಒಳಗೆ ಹೋದಳು.

ಬಾಗಿಲು ಮುಚ್ಚಿದ ಸದ್ದು ಕೇಳಲಿಲ್ಲ. ನಾನು ಚಾಪೆಯಲ್ಲಿ ಜಾಗ ಬಿಟ್ಟು ಗೋಡೆಯ ಕಡೆಗೆ ಸರಿದು ಕೂತೆ.