ಮೊದಲ ಗುಂಡಿಯ ಮಂಜೊಟ್ಟಿ

ಗಾಲ್ಫ್ ಚೀಲದ ಪಕ್ಕದ ಜೇಬಿನಲ್ಲಿ ಕೈಗವಸು ಹುಡುಕುತ್ತಿದ್ದೆ. ಬೆರಳಿಗೆ ಸಿಕ್ಕಿದ್ದು ಒಂದು ಮಂಜೊಟ್ಟಿ. ಚೆನ್ನೆಯಾಟದ ಕೆಂಪು ಬೀಜ. ಇಷ್ಟು ವರ್ಷ ಕತ್ತಲಲ್ಲಿ ಬಿದ್ದಿದ್ದರೂ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದೆ, ಮತ್ತೆ ಒಳಗೆ ಹೋದೆ, ಕುರ್ಚಿಯಲ್ಲಿ ಕೂತೆ, ಎದ್ದೆ. ಕೈಗವಸು ಎಲ್ಲಿಟ್ಟಿದ್ದೇನೆಂದು ಆಮೇಲೆ ಹುಡುಕಲೇ ಇಲ್ಲ. ಟೀಚರ್ ನೆನಪಾದರು.

ಅವರನ್ನು ನಮ್ಮ ಕಾಲೊನಿಯಲ್ಲಿ ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಕಲ್ಯಾಣಪುರದವರು. ಅಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ನಮ್ಮ ಎದುರಿನ ಮನೆ ಅವರದ್ದು. ಕುಕ್ಕುಂದೂರಿನಾಚೆಯ ಪಾದೆಗಲ್ಲಿನ ಇಳಿಜಾರಿನಲ್ಲಿ ನಿವೃತ್ತರಿಗಾಗಿಯೇ ಕಟ್ಟಿದ ಮನೆಗಳು ಇವು. ಮನೆಗಳು ಮಾರಾಟವಾಗಲಿ ಎಂದು ಬಿಲ್ಡರ್ ನಡುವೆ ಒಂದು ಸಣ್ಣ ಗಾಲ್ಫ್ ಮೈದಾನವನ್ನೂ ಮಾಡಿಸಿದ್ದ. ನಾನು ಬಹ್ರೈನಿನ ಒಂದು ಕಂಪೆನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ಎಸ್ಸೆಸ್ಸೆಲ್ಸಿಯಿಂದ ಮುಂದೆ ಓದಿದವನಲ್ಲ. ಗಾಲ್ಫ್ ಎಂದರೆ ಸಾಹೇಬರ ಆಟ ಎಂದಷ್ಟೇ ಗೊತ್ತಿತ್ತು. ಆದರೆ ಮೈದಾನ ಬಾಗಿಲ ಮುಂದೆಯೇ ಇರುವಾಗ ಸುಮ್ಮನೆ ಕೂರುವುದು ಹೇಗೆ? ನಾನೂ ನನ್ನವಳೂ ನಗುತ್ತಾ ನಗುತ್ತಾ ಕಲಿತೆವು. ನನಗಿಂತ ಅವಳದೇ ಹೊಡೆತ ನೇರವಾಗಿ ಹೋಗುತ್ತಿತ್ತು.

ತೊಂದರೆ ಇದ್ದದ್ದು ಸಮಯದ್ದು. ಮೈದಾನ ಚಿಕ್ಕದು. ಒಂದು ಸಲಕ್ಕೆ ನಾಲ್ಕು ಜನರನ್ನು ಬಿಡಬೇಕು, ಅವರು ಮುಂದೆ ಸರಿದ ಮೇಲೆಯೇ ಮುಂದಿನ ನಾಲ್ವರು. ನಮ್ಮ ಕರಾವಳಿಯ ಬಿಸಿಲು ಎಂಟು ಗಂಟೆಗೇ ನೆತ್ತಿ ಸುಡುತ್ತದೆ. ಆದ್ದರಿಂದ ಎಲ್ಲರಿಗೂ ಬೇಕಾದದ್ದು ಬೆಳಗಿನ ಮೊದಲ ಸಮಯ. ಮೊದಮೊದಲು ಬೇಗ ಬಂದವರಿಗೆ ಮೊದಲು ಎಂದಿತ್ತು. ಜನ ಮಬ್ಬುಗತ್ತಲಲ್ಲೇ ಚೀಲ ತಂದಿಟ್ಟು ಮನೆಗೆ ಹೋಗಿ ಮಲಗುತ್ತಿದ್ದರು. ಯಾರದೋ ಚೀಲವನ್ನು ಯಾರೋ ಹಿಂದೆ ಸರಿಸಿದರೆಂದು ಅಜ್ಜಂದಿರು ಕಾಲರ್ ಹಿಡಿಯುವವರೆಗೆ ಹೋಯಿತು. ಆಗ ಟೀಚರ್ ತಮ್ಮ ಮನೆಯಿಂದ ಚೆನ್ನೆಮಣೆ ತಂದು ಕ್ಲಬ್ಬಿನ ಜಗಲಿಯ ಮೇಜಿನ ಮೇಲಿಟ್ಟರು.

ಎರಡು ಸಾಲು, ಸಾಲಿಗೆ ಏಳು ಗುಂಡಿ. ಒಂದು ಸಾಲು ಬೆಳಿಗ್ಗೆಯದ್ದು, ಇನ್ನೊಂದು ಸಂಜೆಯದ್ದು. ಪ್ರತಿಯೊಬ್ಬರೂ ತಮ್ಮದೇ ಗುರುತಿನ ಒಂದು ವಸ್ತು ತರಬೇಕು. ಒಂದು ಗುಂಡಿಗೆ ನಾಲ್ಕೇ. ಶನಿವಾರ ಸಂಜೆ ಎಲ್ಲರೆದುರು ಮಣೆಯಲ್ಲಿ ಹಾಕಿದರೆ ಮುಂದಿನ ವಾರವಿಡೀ ಆ ಸಮಯ ಅವರದ್ದು. ಮರುವಾರ ಎಲ್ಲರೂ ಒಂದೊಂದು ಗುಂಡಿ ಕೆಳಗೆ, ಆಯಾ ಸಾಲಿನ ಕೊನೆಯಲ್ಲಿದ್ದವರು ಮೇಲೆ. ಟೀಚರದ್ದು ಒಂದು ಕವಡೆ. ಹಡಗಿನಲ್ಲಿದ್ದು ಬಂದ ಕ್ಯಾಪ್ಟನ್ ತಮ್ಮ ಕೋಟಿನ ಹಿತ್ತಾಳೆ ಗುಂಡಿ ತಂದರು. ನಂದಿಕೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ್ದ ಇಂಜಿನಿಯರು ಒಂದು ಚೂರು ಕಲ್ಲಿದ್ದಲು ತಂದಿಟ್ಟರು.

"ಎಂತ ಮಾರಾಯ್ರೆ, ನಿವೃತ್ತಿಯಾದ ಮೇಲೂ ಮಸಿ ಬಿಡುವುದಿಲ್ವಾ? ನನ್ನ ಮಣೆ ಕಪ್ಪಾಗ್ತದೆ, ಬೇರೆ ತನ್ನಿ," ಎಂದರು ಟೀಚರ್.

"ಇದಲ್ಲದೆ ನನ್ನ ಹತ್ತಿರ ಬೇರೆ ಎಂತ ಉಂಟು ಟೀಚರ್," ಎಂದು ಇಂಜಿನಿಯರು ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರು.

ನಮ್ಮದು ಎರಡು ಮಂಜೊಟ್ಟಿ. ಆರಿಸಿದವಳು ನನ್ನವಳು. ಅವಳಿಗೆ ಮೊದಲ ದಿನವೇ ಅನುಮಾನ. "ಆಟಿ ತಿಂಗಳಲ್ಲದೆ ಚೆನ್ನೆಮಣೆ ಅಟ್ಟದಿಂದ ಇಳಿಸಬಾರದು ಅಂತಾರಲ್ಲ ಟೀಚರ್?"

"ಆಡಬಾರದು ಅಂತ ಹೇಳಿದ್ದು ಮಾರಾಯ್ತಿ. ಇಲ್ಲಿ ಯಾರು ಆಡ್ತಾರೆ? ಇದು ಬರೀ ಜಗಳ ಬಿಡಿಸುವ ಕೆಲಸ."

ಆಟಿಯ ಜಡಿಮಳೆಯಲ್ಲಿ ಹೇಗೂ ಮೈದಾನ ನೀರು ಕುಡಿದು ಕೆಸರಾಗಿ ಮುಚ್ಚಿರುತ್ತಿತ್ತು. ಆಗ ಮಣೆ ತನ್ನ ಕೆಲಸಕ್ಕೆ ಮರಳುತ್ತಿತ್ತು. ನಮ್ಮ ಮನೆಯ ಚಾವಡಿಯಲ್ಲಿ ಟೀಚರೂ ಇವಳೂ ಎದುರುಬದುರು ಕೂತು ಮಧ್ಯಾಹ್ನವಿಡೀ ಆಡುತ್ತಿದ್ದರು. ಬೀಜ ಗುಂಡಿಗೆ ಬೀಳುವ ಟಕ್ ಟಕ್ ಶಬ್ದ ಕೇಳುತ್ತಾ ನಾನು ನಿದ್ದೆ ಹೋಗುತ್ತಿದ್ದೆ... ಆ ನಿದ್ದೆ ಮತ್ತೆ ಬಂದದ್ದಿಲ್ಲ.

ಎರಡನೆಯ ವರ್ಷ ನನ್ನವಳ ಮುಖದ ಮೇಲೆ ಕೆಂಪು ಗಂಧೆಗಳೆದ್ದವು. ಗಂಟುಗಳಲ್ಲಿ ನೋವು, ಜ್ವರ. ಮಣಿಪಾಲದಲ್ಲಿ ತೋರಿಸಿದೆವು. ರಕ್ತದಲ್ಲೇ ಇರುವ ಕಾಯಿಲೆ, ಮದ್ದಿನಲ್ಲಿ ತಡೆದಿಡಬಹುದು ಅಷ್ಟೆ, ಬಿಸಿಲು ಮಾತ್ರ ಮೈಗೆ ತಾಗಲೇಬಾರದು ಎಂದರು ಡಾಕ್ಟರು. ವಾಪಸು ಬರುವಾಗ ಕಾರಿನಲ್ಲಿ ಅವಳು ಬೇರೇನೂ ಕೇಳಲಿಲ್ಲ. "ಮೊದಲ ಗುಂಡಿಯಾದರೆ ಆಡಬಹುದಲ್ವಾ? ಆಗ ಬಿಸಿಲು ಇರುವುದಿಲ್ಲ," ಎಂದಳು. ಸಂಜೆಯ ಸಮಯದಲ್ಲಿ ಪಡುವಣದ ಬಿಸಿಲು ಆ ಇಳಿಜಾರಿಗೆ ನೇರವಾಗಿ ಹೊಡೆಯುತ್ತಿತ್ತು. ಹಾಗಾಗಿ ಅವಳಿಗೆ ಉಳಿದದ್ದು ಅದೊಂದೇ ಗುಂಡಿ. ಸರದಿಯ ಪ್ರಕಾರ ಅದು ಬರುತ್ತಿದ್ದದ್ದು ಏಳು ವಾರಕ್ಕೊಮ್ಮೆ.

ನಾನು ಟೀಚರ ಮನೆಗೆ ಹೋದೆ. ವಿಷಯ ಹೇಳಿದೆ. ಅವರು ಬೂತಾಯಿ ಮೀನು ತೊಳೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಆಗೂದಿಲ್ಲ," ಎಂದರು.

"ಅವಳ ಆರೋಗ್ಯದ ಪ್ರಶ್ನೆ ಟೀಚರ್."

"ಗೊತ್ತುಂಟು. ನಿಮಗೆ ಒಂದು ಕೊಟ್ಟರೆ ನಾಳೆ ಮಂಡಿನೋವಿನವರು ಬರ್ತಾರೆ, ನಾಡಿದ್ದು ಬಿಪಿಯವರು. ಇಲ್ಲಿ ಕಾಯಿಲೆ ಇಲ್ಲದವರು ಯಾರಿದ್ದಾರೆ ಹೇಳಿ? ಮೇಲೆ ಬರಲಿಕ್ಕೆ ಸರದಿಯೇ ಬೇಕು."

ಸಿಟ್ಟು ಬಂತು. ಮನೆಗೆ ಬಂದು ಜಗಲಿಯಲ್ಲಿ ಅತ್ತಿತ್ತ ತಿರುಗಿದೆ. ಮದುವೆ ಮಕ್ಕಳು ಕಂಡವರಲ್ಲ, ಇವರಿಗೆ ಏನು ಗೊತ್ತು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ನನ್ನವಳು ತಡೆದಳು. "ಅವರು ಹೇಳಿದ್ದು ಸರಿ ಇದೆ. ನೀವು ಕೂತ್ಕೊಳ್ಳಿ."

ಆ ಶನಿವಾರ ಟೀಚರ ಕವಡೆಗೆ ಮೊದಲ ಗುಂಡಿಯ ಸರದಿ. ಅವರು ಕವಡೆಯನ್ನು ಮೊದಲ ಗುಂಡಿಯಲ್ಲಿ ಹಾಕಿದರು. ನಮ್ಮ ಎರಡು ಮಂಜೊಟ್ಟಿ ಐದನೆಯದರಲ್ಲಿದ್ದವು. ಎಲ್ಲರೂ ಹಾಕಿಯಾದ ಮೇಲೆ ಅವರು ತಮ್ಮ ಕವಡೆ ತೆಗೆದು ಐದನೆಯ ಗುಂಡಿಗೆ ಇಳಿಸಿದರು, ಅಲ್ಲಿಂದ ಒಂದು ಮಂಜೊಟ್ಟಿ ತೆಗೆದು ಮೊದಲನೆಯದಕ್ಕೆ ಇಟ್ಟರು.

"ಇದೆಂತ ಟೀಚರ್?" ಎಂದರು ಕ್ಯಾಪ್ಟನ್.

"ಮೇಲೆ ಬರಲಿಕ್ಕೆ ಸರದಿ ಬೇಕು. ಕೆಳಗೆ ಇಳಿಯಲಿಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಇಳಿಯುವವರು ಯಾರ ಜೊತೆ ಬದಲಾಯಿಸ್ತಾರೆ ಅಂತ ಎಲ್ಲರೆದುರು ಮಣೆಯಲ್ಲೇ ತೋರಿಸಬೇಕು, ಅಷ್ಟೆ. ನನಗೆ ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆ ಉಂಟು. ನಿಮಗೆ ತಕರಾರು ಉಂಟಾ?"

ಮರುವಾರ ಸರದಿ ಕ್ಯಾಪ್ಟನರದ್ದು. ತಮ್ಮ ಹಿತ್ತಾಳೆ ಗುಂಡಿಯನ್ನು ಮೊದಲ ಕುಳಿಯಲ್ಲಿ ಇಟ್ಟು, ಗಂಟಲು ಸರಿಮಾಡಿಕೊಂಡು, ಮೀಸೆ ತಿರುವಿ, ಕೊನೆಗೆ ಗೊಣಗುತ್ತಲೇ ಕೆಳಗೆ ಇಳಿದರು. "ನನಗೂ ಬೆಳಿಗ್ಗೆ ನಿದ್ದೆ ಉಂಟು ಮಾರಾಯ್ರೆ," ಎಂದರು. ಅದರ ಮುಂದಿನ ವಾರ ಕಲ್ಲಿದ್ದಲು ಇಳಿಯಿತು. ಯಾರಿಗೂ ಯಾರೂ ಏನೂ ಹೇಳಿರಲಿಲ್ಲ. ಆದರೆ ಎಲ್ಲರ ಕಣ್ಣೆದುರು ಮಣೆಯಿತ್ತು, ಮಣೆಯ ಪಕ್ಕ ಸೀರೆಯ ಸೆರಗು ತಲೆಗೆ ಹೊದ್ದು ಕೂತ ನನ್ನವಳಿದ್ದಳು.

ಬದಲಾಗುತ್ತಿದ್ದದ್ದು ಒಂದೇ ಬೀಜ. ಹಾಗಾಗಿ ಬೆಳಿಗ್ಗೆ ಅವಳಷ್ಟೇ ಆಡುತ್ತಿದ್ದಳು, ನಾನು ಅವಳ ಚೀಲ ಎಳೆಯುವ ಕೆಲಸದವನು. ಮಂಜು ಇನ್ನೂ ಹುಲ್ಲಿನ ಮೇಲಿರುತ್ತಿತ್ತು. ಚೆಂಡು ಉರುಳಿದ ದಾರಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮೂಡಣದ ಗುಡ್ಡ ಕೆಂಪಾಗುತ್ತಿದ್ದಂತೆ ನಾನು ಚಡಪಡಿಸುತ್ತಿದ್ದೆ, ಬೇಗ ಬೇಗ ಎನ್ನುತ್ತಿದ್ದೆ. ಅವಳಿಗೆ ಅವಸರವೇ ಇರಲಿಲ್ಲ. ಅವಳು ಹಾಗೆ ಆಡಿದ್ದು ಎರಡು ಚಳಿಗಾಲ, ಒಂದು ಬೇಸಿಗೆ... ಆಮೇಲೆ ಕಾಯಿಲೆ ಕಿಡ್ನಿಗೆ ಇಳಿಯಿತು. ಆ ವರ್ಷದ ಆಟಿಯಲ್ಲಿ ಅವಳು ಮಲಗಿಕೊಂಡೇ ಟೀಚರ ಜೊತೆ ಚೆನ್ನೆ ಆಡಿದಳು. ಯಾವ ಗುಂಡಿಯಿಂದ ಎತ್ತಬೇಕೆಂದು ಇವಳು ಬೆರಳಿನಲ್ಲಿ ತೋರಿಸುವುದು, ಟೀಚರ್ ಇವಳ ಪರವಾಗಿಯೂ ಬೀಜ ಹಂಚುವುದು. ಟೀಚರ್ ಒಂದು ಸಲವೂ ಬೇಕೆಂದು ಸೋಲಲಿಲ್ಲ. ಸೋತಾಗ ನಿಜವಾಗಿ ಸೋತರು, ನಿಜವಾಗಿ ಸಿಟ್ಟಾದರು. ಮಳೆ ನಿಲ್ಲುವ ಮೊದಲೇ ನನ್ನವಳು ಹೋದಳು.

ಉತ್ತರಕ್ರಿಯೆಯೆಲ್ಲ ಮುಗಿದು, ಮೈದಾನ ಒಣಗಿ, ಮೊದಲ ಶನಿವಾರ. ಹೋಗುವ ಮನಸ್ಸಿರಲಿಲ್ಲ, ಮನೆಯಲ್ಲಿ ಇರಲೂ ಆಗುತ್ತಿರಲಿಲ್ಲ. ಹೋದೆ. ಮಳೆಗಾಲದ ನಂತರ ಹೊಸದಾಗಿ ಹಾಕಿದ ಸರದಿಯಲ್ಲಿ ನಮ್ಮ ಮನೆಗೇ ಮೊದಲ ಗುಂಡಿ ಬಂದಿತ್ತು. ನಾನು ಎರಡೂ ಮಂಜೊಟ್ಟಿ ಹಾಕಿದೆ. ಟೀಚರ್ ಬಗ್ಗಿ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಒಂದು ವಾರ ಖಾಲಿ ಬಿಡಿ ಟೀಚರ್," ಎಂದೆ. "ಒಂದೇ ವಾರ."

"ಖಾಲಿ ಬಿಡಲಿಕ್ಕೆ ಆಗೂದಿಲ್ಲ. ಕಾಯುವವರು ಇದ್ದಾರೆ."

ನನಗೆ ಅಲ್ಲೇ ಮಣೆಯನ್ನು ಎತ್ತಿ ಎಸೆಯಬೇಕೆನಿಸಿತು. ಅಷ್ಟರಲ್ಲಿ ಅವರು ಏಳನೆಯ ಗುಂಡಿಯ ಸರದಿಯಲ್ಲಿದ್ದ ತಮ್ಮ ಕವಡೆಯನ್ನು ಕೈಯಲ್ಲಿ ಹಿಡಿದು ಎಲ್ಲರನ್ನೂ ನೋಡಿದರು. ಅವರು ಮೇಲೆ ಬರಬೇಕಾದರೆ ಯಾರಾದರೂ ಇಳಿಯಬೇಕು. ಮೊದಲ ಗುಂಡಿಯಲ್ಲಿ ನನ್ನ ಜೊತೆ ಇಂಜಿನಿಯರ ಕಲ್ಲಿದ್ದಲಿತ್ತು. ಅವರು ಅದನ್ನು ಎತ್ತಿ ಏಳನೆಯದಕ್ಕೆ ಹಾಕಿದರು. ಕವಡೆ ನನ್ನ ಮಂಜೊಟ್ಟಿಯ ಪಕ್ಕ ಬಂತು. ನನ್ನವಳ ಜಾಗವನ್ನು ಟೀಚರ್, ಸರದಿಗೆ ಕಾಯುತ್ತಿದ್ದ ಒಬ್ಬರಿಗೆ ಕೊಟ್ಟರು.

"ಇಗರ್ಜಿ?" ಎಂದೆ, ಸ್ವಲ್ಪ ಕುಹಕದಲ್ಲೇ.

"ದೇವರು ಸಂಜೆಯೂ ಇರ್ತಾನೆ," ಎಂದರು ಟೀಚರ್.

ಆ ವಾರವಿಡೀ ಅವರು ನನ್ನ ಜೊತೆ ನಡೆದರು. ಆಟ ಅವರಿಗೆ ಬರುತ್ತಲೇ ಇರಲಿಲ್ಲ. ಚೆಂಡಿಗಿಂತ ಹೆಚ್ಚು ಮಣ್ಣನ್ನೇ ಹೊಡೆಯುತ್ತಿದ್ದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನಾನು ಅಳುವ ಹಾಗಾದಾಗಲೆಲ್ಲ "ನನ್ನ ಚೆಂಡು ಎಲ್ಲಿ ಹೋಯ್ತು ನೋಡಿ" ಎಂದು ಪೊದೆಗಳ ಕಡೆ ಅಟ್ಟುತ್ತಿದ್ದರು. ನಾನು ಪೊದೆಯ ಮರೆಯಲ್ಲಿ ನಿಂತು, ಮುಖ ಒರೆಸಿಕೊಂಡು, ಚೆಂಡು ತರುತ್ತಿದ್ದೆ.

ಕೆಲವು ವರ್ಷಗಳ ನಂತರ ಮೊಬೈಲ್ ಆ್ಯಪ್ ಬಂತು. ಶನಿವಾರ ಬೆಳಿಗ್ಗೆ ಆರು ಗಂಟೆಗೆ ತೆರೆದುಕೊಳ್ಳುತ್ತದೆ, ಯಾರ ಬೆರಳು ಚುರುಕೋ ಅವರಿಗೆ ಸಮಯ. ಟೀಚರ್ ಜಗಳವಾಡಲಿಲ್ಲ. ಮಣೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಮನೆಗೆ ಒಯ್ದರು. ಮಂಡಿ ಸೋತ ಮೇಲೆ ಕಲ್ಯಾಣಪುರದ ತಂಗಿಯ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅವುಗಳ ನಡುವೆಯೇ ಯಾರೋ ಆ್ಯಪ್ ಯಾಕೆ ತೆರೆಯುತ್ತಿಲ್ಲ ಎಂದು ಕೇಳಿದ್ದರು.

ಮೊನ್ನೆ ಶನಿವಾರ ಹೇಗೋ ನನ್ನ ಬೆರಳಿಗೆ ಇವತ್ತಿನ ಮೊದಲ ಸಮಯ ಸಿಕ್ಕಿಬಿಟ್ಟಿತು. ಬಿಟ್ಟುಕೊಡೋಣವೆಂದುಕೊಂಡೆ. ರದ್ದು ಮಾಡುವ ಗುಂಡಿಯಿದೆ. ಒತ್ತಿದರೆ ಅದು ಯಾರಿಗೋ ಹೋಗುತ್ತದೆ, ಯಾರಿಗೆ ಎಂದು ನನಗೆ ತಿಳಿಯುವುದಿಲ್ಲ, ಯಾರು ಕೊಟ್ಟರೆಂದು ಅವರಿಗೂ ತಿಳಿಯುವುದಿಲ್ಲ. ಒತ್ತಲಿಲ್ಲ. ಕೈಗವಸಿಲ್ಲದೆಯೇ, ಮಂಜೊಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಇವತ್ತು ಬೆಳಕು ಹರಿಯುವ ಮೊದಲೇ ಹೋಗಿ ನಿಂತೆ. ಎರಡನೆಯ ಸಮಯದ ದಂಪತಿ ಆಗಲೇ ಬಂದಿದ್ದರು. ಹೊಸ ಸಾಲಿನ ಮನೆಯವರು, ಸರಿಯಾಗಿ ಪರಿಚಯವಿಲ್ಲ. ಆಕೆ ಕೋಲು ಹಿಡಿಯುವುದನ್ನು ಈಗಷ್ಟೇ ಕಲಿಯುತ್ತಿದ್ದರು. ಗಂಡ ಏನೋ ಹೇಳಿಕೊಡುತ್ತಿದ್ದರು, ಆಕೆ ನಗುತ್ತಿದ್ದರು.

"ನೀವು ಮೊದಲು ಹೋಗಿ," ಎಂದೆ.

"ಎಂತಕ್ಕೆ? ಈ ಸಮಯ ನಿಮ್ಮದಲ್ವಾ?"

"ನನ್ನದೇ. ಕೆಳಗೆ ಇಳಿಯಲಿಕ್ಕೆ ಯಾರನ್ನೂ ಕೇಳಬೇಕಾಗಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಆದರೂ ಹೋದರು. ಹುಲ್ಲಿನ ಮೇಲೆ ಇಬ್ಬರ ಹೆಜ್ಜೆ ಜೋಡಿ ಗೆರೆಯಾಗಿ ಇಳಿಜಾರಿನವರೆಗೂ ಕಾಣುತ್ತಿತ್ತು. ಅವರು ದೂರ ಸರಿಯುವವರೆಗೆ ನಾನು ಅಲ್ಲೇ ಅತ್ತಿತ್ತ ನಡೆದೆ. ಆಮೇಲೆ ಚೆಂಡು ಇಟ್ಟು ಹೊಡೆದೆ. ಅದು ಸೀದಾ ಪೊದೆಗೆ ಹೋಯಿತು. ಹಿಂದೆ ಹೋಗಿ, ಎಲೆ ಸರಿಸಿ, ಬಹಳ ಹೊತ್ತು ಹುಡುಕಿದೆ... ಹುಡುಕಲು ಅಟ್ಟುವವರು ಇರಲಿಲ್ಲ. ಬಿಸಿಲು ಬಂತು.