ಬಾವಿಯೊಳಗಿನ ಬೀಗರೂಟ

ಅಕ್ಕನ ಬೀಗರೂಟಕ್ಕೆ ಎರಡು ಕುರಿ ಕೊಯ್ದು ಮಾಂಸ ಹೆಚ್ಚಿ ಆಗಿತ್ತು. ಆಗ ಸುದ್ದಿ ಬಂತು: ಬೀಗರ ಬಸ್ಸು ನಿಡಘಟ್ಟದಲ್ಲಿ ಕೆಟ್ಟು ನಿಂತಿದೆ, ಅವರು ಬರುವುದು ನಾಳೆ. ಯುದ್ಧದ ಕಾಲ, ಸುಡು ಬೇಸಿಗೆ. ಅಪ್ಪ ತಲೆಗೆ ಕೈಹೊತ್ತು ಕುಳಿತ.

“ಚೆಲ್ಲೋ ಕಾಲ್ವಾ ಇದು? ನಂಗೆ ಬುಡು ಕಣಣ್ಣ,” ಎಂದಳು ನಮ್ಮ ಸೋದರತ್ತೆ. ಉಪ್ಪು, ಅರಿಶಿನ ಹಾಕಿ ನೀರು ಇಂಗುವವರೆಗೂ ಮಾಂಸ ಬೇಯಿಸಿದಳು. ಆರಿದ ಮೇಲೆ ಮಡಕೆಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಹಿತ್ತಲ ಬಾವಿಯಲ್ಲಿ ಅರ್ಧ ಮುಳುಗುವಂತೆ ಹಗ್ಗದಿಂದ ಇಳಿಬಿಟ್ಟಳು. ಮರುದಿನ, ಕೆಡದೆ ಉಳಿದ ಆ ಮಾಂಸದ ಸಾರನ್ನು ಬೀಗರು ಮತ್ತೆ ಮತ್ತೆ ಬಡಿಸಿಕೊಂಡು ಉಂಡರು.

ಗಂಡನಿಲ್ಲದ ಅತ್ತೆ ಶುಭಕಾರ್ಯದ ಪಂಕ್ತಿಗೆ ಬರುತ್ತಿರಲಿಲ್ಲ. ಅಂದು ಅಪ್ಪನೇ ಅವಳನ್ನು ಕರೆತಂದು, ಬೀಗರ ಸಾಲಿನಲ್ಲಿ ಕೂರಿಸಿ, ತನ್ನ ಕೈಯಾರೆ ಬಡಿಸಿದ.